ಗಿಡ ನೆಟ್ಟರೆ ಕಾಲ ಮರಳುವುದಿಲ್ಲ

"ಹವಾಮಾನ ಯಾವತ್ತು ಒಂದೇ ಸಮ ಇತ್ತು? ಹಿಮಯುಗ ಬಂತು, ಹೋಯಿತು. ಬರಗಾಲಗಳು ಬಂದವು, ಹೋದವು. ಪ್ರಕೃತಿ ಎಲ್ಲಕ್ಕೂ ಹೊಂದಿಕೊಂಡಿದೆ, ಇದಕ್ಕೂ ಹೊಂದಿಕೊಳ್ಳುತ್ತದೆ. ನಮ್ಮ ಕಡೆಯಿಂದ ನಾಲ್ಕು ಗಿಡ ನೆಡೋಣ, ಸಾಕು." ಬೆಂಗಳೂರಿನ ವಿಜಯನಗರದ ಪಾರ್ಕುಗಳ ಕಲ್ಲುಬೆಂಚಿನಲ್ಲಿ, ಬಸವೇಶ್ವರನಗರದ ಶಾಲೆಗಳ ಜೂನ್ 5ರ ಪರಿಸರ ದಿನದ ಸಮಾರಂಭಗಳಲ್ಲಿ, ರಾಜಾಜಿನಗರದ ವನಮಹೋತ್ಸವದ ವೇದಿಕೆಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಕೇಳಿಬರುತ್ತದೆ. ಹೇಳುವವರು ಕೆಟ್ಟವರಲ್ಲ. ಬಹುಪಾಲು ಓದಿಕೊಂಡವರು, ಬೇಸಿಗೆಯಲ್ಲಿ ಬೀದಿಯ ಹೊಂಗೆ ಮರಕ್ಕೆ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುವವರು. ಆದರೂ ಈ ಮಾತು ತಪ್ಪು. ಬೆಂಚಿನ ಮೇಲೆ ಮುಗಿದುಹೋಗುವ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ವಿಧಾನಸೌಧದಲ್ಲೂ ದೆಹಲಿಯಲ್ಲೂ ಕಾಡಿನ ಬಗ್ಗೆ ತೀರ್ಮಾನಗಳು ಆಗುತ್ತಿರುವುದು ಇದೇ ಮಾತಿನ ಬಲದ ಮೇಲೆ.

ಇದರೊಳಗೆ ಎರಡು ನಂಬಿಕೆಗಳು ಅಡಗಿವೆ. ಒಂದು ಕಾಲದ ಬದಲಾವಣೆ ಇನ್ನೊಂದು ಕಾಲದ ಬದಲಾವಣೆಗೆ ಸಮ ಎಂಬುದು ಮೊದಲನೆಯದು. ಒಂದು ಜಾಗದ ಹಸಿರು ಇನ್ನೊಂದು ಜಾಗದ ಹಸಿರಿಗೆ ಸಮ ಎಂಬುದು ಎರಡನೆಯದು. ಭೂಮಿಯ ಯಾವ ಭಾಗದ ಹವಾಗುಣ ಎಷ್ಟು ಸಾವಿರ ವರ್ಷ ಸ್ಥಿರವಾಗಿತ್ತು ಎಂದು ವಿಜ್ಞಾನಿಗಳು ಕಳೆದ ಹದಿನೈದು ವರ್ಷಗಳಿಂದ ಬಿಡಿಸುತ್ತ ಬಂದಿರುವ ನಕ್ಷೆಗಳು ಎರಡನ್ನೂ ಒಟ್ಟಿಗೆ ಹೊಡೆದುಹಾಕುತ್ತವೆ.

ಮೊದಲು ಡಿಗ್ರಿಯ ಲೆಕ್ಕ. "ಬೆಳಿಗ್ಗೆ ಇಪ್ಪತ್ತು, ಮಧ್ಯಾಹ್ನ ಮೂವತ್ತನಾಲ್ಕು. ಒಂದೇ ದಿನದಲ್ಲಿ ಹದಿನಾಲ್ಕು ಡಿಗ್ರಿ ತಡೆದುಕೊಳ್ಳುತ್ತೇವೆ, ನೂರು ವರ್ಷಕ್ಕೆ ಒಂದೂವರೆ ಡಿಗ್ರಿ ಏನು ಮಹಾ?" ಎನ್ನುತ್ತಾರೆ. ಬೆಂಗಳೂರು 1884ರ ಜನವರಿಯಲ್ಲಿ 7.8 ಡಿಗ್ರಿಯನ್ನೂ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಯನ್ನೂ ಕಂಡಿದೆ. ಆದರೆ ಒಂದು ಊರಿನ ಒಂದು ದಿನದ ಏರಿಳಿತ ಬೇರೆ, ಇಡೀ ಭೂಮಿಯ ಸರಾಸರಿ ಬೇರೆ. ಕೊನೆಯ ಹಿಮಯುಗದ ಉತ್ತುಂಗ, ಅಂದರೆ ಸುಮಾರು 21 ಸಾವಿರ ವರ್ಷಗಳ ಹಿಂದಿನ ಕಾಲ, ಕೈಗಾರಿಕೆಗೆ ಮುಂಚಿನ ಕಾಲಕ್ಕಿಂತ ಸರಾಸರಿಯಲ್ಲಿ ಐದರಿಂದ ಏಳು ಡಿಗ್ರಿ ಮಾತ್ರ ತಣ್ಣಗಿತ್ತು. ಅಷ್ಟಕ್ಕೇ ಕೆನಡಾದ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜು ಕೂತಿತ್ತು, ಸಮುದ್ರ ಈಗಿರುವುದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು, ಕರಾವಳಿ ಇಂದಿನ ಮಂಗಳೂರು ಕಾರವಾರಗಳಿಂದ ಬಹಳ ದೂರ ಪಶ್ಚಿಮಕ್ಕೆ ಚಾಚಿತ್ತು. ಸರಾಸರಿಯ ಒಂದು ಡಿಗ್ರಿಗೆ ಇರುವ ತೂಕ ಅಷ್ಟು.

ಆ ಐದಾರು ಡಿಗ್ರಿ ಏರಲು ಸುಮಾರು ಹತ್ತು ಸಾವಿರ ವರ್ಷ ಹಿಡಿಯಿತು. ಈಗ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ 2011–2020ರ ದಶಕದ ಹೊತ್ತಿಗೆ 1.1 ಡಿಗ್ರಿ ಏರಿಯಾಗಿದೆ. ಹಿಮಯುಗ ಕರಗಿದ ಸರಾಸರಿ ವೇಗಕ್ಕೆ ಹೋಲಿಸಿದರೆ ಇದು ಹತ್ತು ಪಟ್ಟನ್ನೂ ಮೀರಿದ ಓಟ. ಉತ್ತರ ಅಟ್ಲಾಂಟಿಕ್ ಸುತ್ತಮುತ್ತ ಹಠಾತ್ ಜಿಗಿತಗಳು ಆಗ ಆಗಿದ್ದು ನಿಜ. ಉಷ್ಣವಲಯದ ಬೆಟ್ಟಗಳ ಮಡಿಲಿಗೆ ಅಂಥ ಜಿಗಿತದ ಅಭ್ಯಾಸವಿಲ್ಲ ಎಂಬುದೂ ಅಷ್ಟೇ ನಿಜ.

"ಪ್ರಕೃತಿ ಹೊಂದಿಕೊಂಡಿತು" ಎನ್ನುವಾಗ ಯಾವ ಪ್ರಕೃತಿ, ಎಲ್ಲಿನದು ಎಂದು ಯಾರೂ ಕೇಳುವುದಿಲ್ಲ. ಯುರೋಪಿನ ಕಥೆ ನೋಡಿ. ಹಿಮಯುಗಗಳ ಸರಣಿ ಶುರುವಾಗುವ ಮೊದಲು ನಮ್ಮ ಸಂಪಿಗೆಯ ಬಂಧುಗಳಾದ ಮ್ಯಾಗ್ನೋಲಿಯಾ ಮರಗಳು ಅಲ್ಲಿನ ಕಾಡುಗಳಲ್ಲಿದ್ದವು. ಚಳಿ ಇಳಿದು ಬಂದಾಗ ದಕ್ಷಿಣಕ್ಕೆ ಸರಿಯಲು ಹೊರಟ ಮರಗಳಿಗೆ ಆಲ್ಪ್ಸ್ ಪರ್ವತ ಅಡ್ಡ, ಅದರಾಚೆ ಮೆಡಿಟರೇನಿಯನ್ ಸಮುದ್ರ ಅಡ್ಡ. ಮ್ಯಾಗ್ನೋಲಿಯಾ ಸೇರಿದಂತೆ ಎಷ್ಟೋ ಮರಗಳ ಕುಲಗಳೇ ಯುರೋಪಿನಿಂದ ಅಳಿದುಹೋದವು. ಸರಿಯಲು ದಾರಿಯೂ ನಿಲ್ಲಲು ನೆಲೆಯೂ ಇದ್ದ ಪೂರ್ವ ಏಷ್ಯಾದಲ್ಲಿ, ಉತ್ತರ ಅಮೆರಿಕದ ಪೂರ್ವದಲ್ಲಿ ಅದೇ ಕುಲಗಳು ಉಳಿದವು. ಚಳಿ ಎರಡೂ ಕಡೆ ಬಂದಿತ್ತು. ಉಳಿದದ್ದಕ್ಕೂ ಅಳಿದದ್ದಕ್ಕೂ ನಡುವಿನ ವ್ಯತ್ಯಾಸ ಆಸರೆಯ ಜಾಗ ಮಾತ್ರ. ಹೊಂದಿಕೊಂಡವು ಎಂದು ನಾವು ಹೊಗಳುವ ಜೀವಿಗಳಲ್ಲಿ ಬಹಳಷ್ಟು ಹೊಂದಿಕೊಂಡೇ ಇಲ್ಲ. ತಮಗೆ ಹಿಡಿಸುವ ಹವೆ ಎಲ್ಲಿ ಉಳಿದಿತ್ತೋ ಅಲ್ಲಿ ಅಡಗಿ ಕೂತು ಬದುಕಿಕೊಂಡವು.

ಆ ಅಡಗುದಾಣಗಳನ್ನು ಗುರುತಿಸುವ ಕೆಲಸವೇ ಸ್ಥಿರತೆಯ ನಕ್ಷೆ. ಹಳೆಯ ಹವಾಗುಣವನ್ನು ಕಂಪ್ಯೂಟರ್ ಮಾದರಿಗಳಲ್ಲಿ ಮರುಕಟ್ಟುತ್ತಾರೆ. ಭೂಮಿಯನ್ನು ಚೌಕಗಳಾಗಿ ಹೆಣೆದು, ಪ್ರತಿ ಚೌಕದಲ್ಲಿ ತಾಪ ಮತ್ತು ಮಳೆ 21 ಸಾವಿರ ವರ್ಷಗಳಲ್ಲಿ ಎಷ್ಟು ತೂಗಾಡಿದವು, ಎಷ್ಟು ಬೇಗ ತೂಗಾಡಿದವು ಎಂದು ಲೆಕ್ಕ ಹಾಕುತ್ತಾರೆ. ಇನ್ನೊಂದು ಬಗೆಯ ಲೆಕ್ಕವೂ ಇದೆ: ತನಗೆ ಹಿಡಿಸುವ ತಾಪವನ್ನು ಬಿಡದೆ ಹಿಂಬಾಲಿಸಬೇಕಾದರೆ ಒಂದು ಜೀವಿ ವರ್ಷಕ್ಕೆ ಎಷ್ಟು ದೂರ ಸರಿಯಬೇಕಿತ್ತು? 2011ರಲ್ಲಿ ಬ್ರಾಡಿ ಸ್ಯಾಂಡಲ್ ಮತ್ತು ಸಂಗಡಿಗರು ಈ ವೇಗದ ಜಾಗತಿಕ ನಕ್ಷೆಯನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೇ ಸಣ್ಣ ಪ್ರದೇಶಕ್ಕೆ ಸೀಮಿತವಾದ ಪ್ರಭೇದಗಳು ಹೆಚ್ಚಾಗಿ ಕಂಡದ್ದು ಆ ವೇಗ ಕಡಿಮೆ ಇದ್ದ ಕಡೆ. ದೂರ ಹಾರಲಾರದ, ನಡೆಯಲಾರದ ಕಪ್ಪೆಗಳಂಥ ಜೀವಿಗಳಲ್ಲಿ ಈ ನಂಟು ಇನ್ನೂ ಗಟ್ಟಿಯಾಗಿತ್ತು.

ನಮ್ಮ ಪಶ್ಚಿಮ ಘಟ್ಟಗಳಲ್ಲಿ ಇದಕ್ಕೆ ಮಣ್ಣಿನ ಸಾಕ್ಷಿಯಿದೆ. ನೀಲಗಿರಿಯ ಎತ್ತರದ ಜೌಗುಗಳಲ್ಲಿ ಪದರ ಪದರವಾಗಿ ಕೂತ ಪೀಟ್ ಮಣ್ಣನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹೋದ್ಯೋಗಿಗಳು ಪರೀಕ್ಷಿಸಿ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಮರಗಳೂ ಬಿಸಿನಾಡಿನ ಹುಲ್ಲೂ ಗಾಳಿಯ ಇಂಗಾಲವನ್ನು ಹೀರುವ ಬಗೆ ಬೇರೆ ಬೇರೆ. ಆ ಗುರುತು ಮಣ್ಣಿನಲ್ಲಿ ಉಳಿದ ಇಂಗಾಲದ ಐಸೊಟೋಪುಗಳಲ್ಲಿ ಸಿಗುತ್ತದೆ. ಮುಂಗಾರು ಸೊರಗಿದ್ದ ಹಿಮಯುಗದಲ್ಲಿ ಹುಲ್ಲು ಹರಡಿತ್ತು, ಮಳೆ ಬಲಗೊಂಡಾಗ ಮರಗಳು ಹರಡಿದವು, ಮತ್ತೆ ಒಣ ಕಾಲ ಬಂದಾಗ ಹುಲ್ಲು ಮರಳಿತು. ನನ್ನ ವಾದಕ್ಕೆ ಇದು ತೊಡಕಲ್ಲವೇ ಎಂದು ಯಾರಾದರೂ ಕೇಳಬಹುದು. ಘಟ್ಟವೇ ಹೀಗೆ ಬದಲಾಗುತ್ತಿದ್ದರೆ ಸ್ಥಿರತೆ ಎಲ್ಲಿ? ಹರಡಲು, ಮರಳಲು ಬೀಜ ಬೇಕಲ್ಲ, ಆ ಬೀಜ ಎಲ್ಲಿತ್ತು ಎಂಬುದೇ ಉತ್ತರ. ಹೊಳೆಯ ಇಕ್ಕೆಲದಲ್ಲಿ, ಕಣಿವೆಯ ಮಡಿಕೆಯಲ್ಲಿ, ಬೇಸಿಗೆಯಲ್ಲೂ ತೇವ ಆರದ ಮೂಲೆಗಳಲ್ಲಿ ಕಾಡು ಎಂದೂ ಪೂರ್ತಿ ಹೋಗಿರಲಿಲ್ಲ. ಬೆಟ್ಟದ ಮೈ ಬದಲಾಗುತ್ತಿದ್ದಾಗಲೂ ಆ ಮೂಲೆಗಳು ನಿಂತಿದ್ದವು.

ಘಟ್ಟದ ಸಿರಿಗೆ ಮಳೆಯೇ ಕಾರಣ ಎಂಬ ಇನ್ನೊಂದು ಸುಲಭ ನಂಬಿಕೆಯೂ ಇಲ್ಲಿ ಸಡಿಲವಾಗಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಘಟ್ಟಕ್ಕೇ ಸೀಮಿತವಾದ ಪ್ರಭೇದಗಳ ಸಾಂದ್ರತೆ ಹೆಚ್ಚಿರುವುದು ಅದಕ್ಕಿಂತ ಬಹಳ ಕಡಿಮೆ ಮಳೆಯ ಅಗಸ್ತ್ಯಮಲೆಯ ಕಡೆ. ಅಲ್ಲಿ ಒಣ ತಿಂಗಳು ಎರಡು ಮೂರು ಮಾತ್ರ, ಉತ್ತರಕ್ಕೆ ಬಂದಷ್ಟೂ ಅವು ಐದು, ಆರು, ಏಳಾಗುತ್ತವೆ. ಎಷ್ಟು ಸುರಿಯಿತು ಎಂಬುದಕ್ಕಿಂತ ಎಷ್ಟು ದಿನ, ಎಷ್ಟು ಸಾವಿರ ವರ್ಷ ತೇವ ಬಿಡದೆ ಇತ್ತು ಎಂಬುದು ಮುಖ್ಯ. 2003ರಲ್ಲಿ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೊಸ್ಸುಯ್ಟ್ ಕೇರಳದ ಇಡುಕ್ಕಿಯಿಂದ ನೇರಳೆ ಕಪ್ಪೆಯನ್ನು ಜಗತ್ತಿಗೆ ಪರಿಚಯಿಸಿದಾಗ, ಅದರ ಅತಿ ಹತ್ತಿರದ ನೆಂಟರು ಹಿಂದೂ ಮಹಾಸಾಗರದಾಚೆಯ ಸೆಶೆಲ್ಸ್ ದ್ವೀಪಗಳಲ್ಲಿರುವುದು ತಿಳಿಯಿತು. ಆ ಭೂಭಾಗಗಳು ಒಂದಾಗಿದ್ದ ಕಾಲದ ವಂಶ ಇಲ್ಲಿ ಉಳಿದುಕೊಂಡಿತ್ತು. ರಾಜಾಜಿನಗರದಿಂದ ಕೂಗಳತೆಯಲ್ಲಿರುವ ವಿಜ್ಞಾನ ಸಂಸ್ಥೆಯ ಜಾಹ್ನವಿ ಜೋಶಿ ಮತ್ತು ಪ್ರವೀಣ್ ಕಾರಂತ್ 2013ರಲ್ಲಿ ಘಟ್ಟದ ಜರಿಹುಳಗಳ ವಂಶಾವಳಿಯನ್ನು ಬಿಡಿಸಿದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಜ್ವಾಲಾಮುಖಿಗಳು ಉತ್ತರದ ನೆಲವನ್ನೆಲ್ಲ ಲಾವಾದಿಂದ ಮುಚ್ಚಿದಾಗ ದಕ್ಷಿಣದ ಘಟ್ಟವೇ ಇವಕ್ಕೆ ಆಸರೆಯಾಗಿತ್ತೇ ಎಂಬುದು ಅವರ ಪ್ರಶ್ನೆ. ಹೌದು ಎನ್ನುವ ಕಡೆಗೇ ಅವರ ಪುರಾವೆ ವಾಲಿತು. ನಮ್ಮ ಕಾಲಡಿಗೆ ಸಿಕ್ಕರೆ ಚಪ್ಪಲಿ ಎತ್ತುವ ಹುಳದ ಮೈಯಲ್ಲಿ ಇಂಥ ಚರಿತ್ರೆ ಇದೆ.

ಕರ್ನಾಟಕದ ಘಟ್ಟ ಅಗಸ್ತ್ಯಮಲೆಯಲ್ಲ, ಒಪ್ಪುತ್ತೇನೆ. ಇಲ್ಲಿ ಒಣ ತಿಂಗಳು ಹೆಚ್ಚು. ಜಾಗತಿಕ ನಕ್ಷೆಗಳ ಚೌಕಗಳು ಎಷ್ಟೋ ಸಲ ನೂರಾರು ಕಿಲೋಮೀಟರ್ ಅಗಲದವು. ಅಂಥ ಚೌಕದಲ್ಲಿ ಶಿವಮೊಗ್ಗದ ಬಯಲೂ ಜೋಗದ ಕಣಿವೆಯೂ ಹೊನ್ನಾವರದ ತೀರವೂ ಒಂದೇ ಬಣ್ಣದಲ್ಲಿ ಕಲಸಿಹೋಗುತ್ತವೆ. "ನಿಮ್ಮ ಶರಾವತಿ ಕಣಿವೆ ಆ ನಕ್ಷೆಯಲ್ಲಿ ಅಷ್ಟೇನೂ ಗಾಢವಾಗಿಲ್ಲವಲ್ಲ" ಎಂದು ಇದನ್ನೇ ಎತ್ತಿಹಿಡಿಯುವವರಿದ್ದಾರೆ. ಅವರು ನಕ್ಷೆಯ ಮಿತಿಯನ್ನು ನೆಲದ ಗುಣವೆಂದು ಓದುತ್ತಿದ್ದಾರೆ. ಚೌಕಕ್ಕೆ ಸಿಗದ ಚಿಕ್ಕ ಆಸರೆಗಳೇ ಇಲ್ಲಿ ಎಲ್ಲವನ್ನೂ ಹಿಡಿದಿಟ್ಟಿರುವುದು.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲೂ ನೀರು ಸಣ್ಣಗೆ ಹರಿಯುವ ತೊರೆಯ ಬದಿಯ ಜೌಗಿನಲ್ಲಿ ಜಾಯಿಕಾಯಿಯ ಕುಟುಂಬದ ಮರಗಳು ಊರುಗಾಲಿನಂಥ ಬೇರುಗಳ ಮೇಲೆ, ಮೊಣಕಾಲು ಮಡಚಿ ಕೆಸರಿನಿಂದ ಮೇಲೆದ್ದ ಉಸಿರುಬೇರುಗಳ ನಡುವೆ ನಿಂತಿವೆ. ಹೂಬಿಡುವ ಸಸ್ಯಗಳ ಅತಿ ಹಳೆಯ ಶಾಖೆಗಳಲ್ಲಿ ಒಂದಕ್ಕೆ ಸೇರಿದ ಕುಟುಂಬ ಅದು. ದಪ್ಪ ಬೀಜ. ಗಾಳಿಗೆ ಹಾರುವುದಿಲ್ಲ, ಒಣಗಿದರೆ ಮೊಳೆಯುವುದಿಲ್ಲ. ಇಂಥ ಮರ ಒಂದು ಕಡೆ ಹೋಯಿತೆಂದರೆ ಮರಳಿ ಬರುವ ದಾರಿಯಿಲ್ಲ. ಅದು ಅಲ್ಲಿದೆ ಎಂಬುದೇ ಆ ತೊರೆ ಬಹಳ ಬಹಳ ಕಾಲದಿಂದ ಬತ್ತಿಲ್ಲ ಎಂಬುದಕ್ಕೆ ಸಾಕ್ಷಿ. 2000ದಲ್ಲಿ ಇಲ್ಲಿಂದ ವಿವರಿಸಲಾದ ಹೊಸ ಮರಕ್ಕೆ ಊರಿನ ಹೆಸರನ್ನೇ ಇಟ್ಟು 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದರು. ಗೇರಿನ ಕುಟುಂಬದ ಈ ಮರದ ಬೆಳೆದ ತಲೆಗಳು ಬೆರಳೆಣಿಕೆ ದಾಟಿ ಹೆಚ್ಚೇನೂ ಇಲ್ಲ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇದೇ ಕಾಡಿನಿಂದ 'ಕುಂಬಾರ' ಕಪ್ಪೆಯನ್ನು ವಿವರಿಸಿದರು. ಗಂಡು ಕಪ್ಪೆ ಹಿಂಗಾಲ ಮೇಲೆ ನಿಂತು, ತೊರೆಯಿಂದ ಕೆಸರು ಎತ್ತಿ, ಮೊಟ್ಟೆಗಳಿಗೆ ಕೈಯಾರೆ ಮೆತ್ತುತ್ತದೆ. ಸಿರಸಿ ಹೊನ್ನಾವರ ಸೀಮೆಯ ಸಿಂಗಳೀಕಗಳೂ ಈ ಕಾಡಿನವೇ. ಆ ಮಂಗದ ನೆಲೆ ಉತ್ತರದ ಕಡೆ ಕೊನೆಯಾಗುವುದು ಇಲ್ಲೇ.

ಇವು ಉಳಿದದ್ದರಲ್ಲಿ ಜನರ ಪಾಲೂ ಇದೆ. ಸೊರಬ, ಸಿರಸಿ, ಸಿದ್ದಾಪುರದ ಹಳ್ಳಿಗರು ಕಾನು ಎಂದು ಕರೆಯುವ ಹಳೆಯ ಕಾಡುಗಳಿಗೆ ಕೊಡಲಿ ಹಾಕಲಿಲ್ಲ. ಕಾನಿನ ಮೆಣಸು ಬೇಕಿತ್ತು, ಕಾನಿನ ನೀರು ತೋಟಕ್ಕೆ ಬೇಕಿತ್ತು, ಕಾನಿನೊಳಗೆ ದೇವರಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿಯನ್ನೇ ಬರೆದಿದ್ದಾರೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಇಂದಿಗೂ ದಾಖಲೆಯಲ್ಲಿವೆ. ಹವಾಗುಣದ ನಕ್ಷೆ ಕಾಣದ ಆ ಜನ, ಯಾವುದು ಮರಳಿ ಬಾರದ್ದು ಎಂದು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಸ್ಥಿರವಾದ ನೆಲದ ಜೀವಿಗಳು ಗಟ್ಟಿಯಾಗಿರಬೇಕು, ಇಷ್ಟು ಕಾಲ ಉಳಿದಿವೆಯಲ್ಲ ಎಂದು ಅನ್ನಿಸುವುದು ಸಹಜ. ಸಂಗತಿ ತಲೆಕೆಳಗು. ಉಷ್ಣವಲಯದ ಬೆಟ್ಟಗಳಲ್ಲಿ ವರ್ಷವಿಡೀ ತಾಪ ಹೆಚ್ಚು ಬದಲಾಗದ ಕಾರಣ ಅಲ್ಲಿನ ಜೀವಿಗಳ ಸಹಿಷ್ಣುತೆ ಕಿರಿದು, ಆದ್ದರಿಂದ ಅಲ್ಲಿನ ಕಣಿವೆಯ ಬಿಸಿ ಬೆಟ್ಟದ ಜೀವಿಗೆ ದಾಟಲಾರದ ಗೋಡೆ ಎಂದು ಡೇನಿಯಲ್ ಜಾನ್ಜೆನ್ 1967ರಷ್ಟು ಹಿಂದೆಯೇ ವಾದಿಸಿದ್ದರು. 2020ರಲ್ಲಿ ಬ್ರೌನ್, ಫೋರ್ಡ್‌ಹ್ಯಾಮ್ ಮುಂತಾದವರು 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯಲ್ಲಿ ಹಳೆಯ ಸ್ಥಿರತೆಯ ನಕ್ಷೆಯನ್ನು ಈ ಶತಮಾನದ ಮುನ್ಸೂಚನೆಯ ಪಕ್ಕದಲ್ಲಿಟ್ಟು ನೋಡಿದರು. ಹಿಂದೆ ಕಾಪಾಡಿದ ಆಸರೆಗಳೇ ಮುಂದೆ ತಾವು ಎಂದೂ ಕಾಣದ ಬದಲಾವಣೆಗೆ ತುತ್ತಾಗಲಿವೆ ಎಂಬುದು ಅವರ ಫಲಿತಾಂಶ. ಆ ತಾಣಗಳು ಕೊನೆಯುಸಿರಿನವರನ್ನು ನೋಡಿಕೊಳ್ಳುವ ಆರೈಕೆ ಮನೆಗಳಾಗುತ್ತವೆ ಎಂದು ತಲೆಬರಹದಲ್ಲೇ ಬರೆದರು.

ಸ್ಥಿರತೆಯೊಂದೇ ಎಲ್ಲವನ್ನೂ ವಿವರಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾಡುಗಳು ಹರಿದು ಕೂಡಿ ಮತ್ತೆ ಹರಿಯುವ ಏರಿಳಿತದಿಂದಲೂ ಹೊಸ ಪ್ರಭೇದಗಳು ಹುಟ್ಟುತ್ತವೆ ಎಂದು ವಾದಿಸುವ ವಿಜ್ಞಾನಿಗಳಿದ್ದಾರೆ, ಅವರ ಮಾತಿಗೆ ಬಲವಿದೆ. ಆದರೆ ಅವರು ಹೇಳುವ ಏರಿಳಿತ ಸಾವಿರಾರು ವರ್ಷಗಳದ್ದು. ಒಂದು ಹಕ್ಕಿಯೋ ಕಪ್ಪೆಯೋ ಹೊಸ ಪ್ರಭೇದವಾಗಲು ಲಕ್ಷಗಟ್ಟಲೆ ವರ್ಷ ಬೇಕು. ಮೂರು ತಲೆಮಾರಿನೊಳಗೆ ಎರಡು ಡಿಗ್ರಿ ಏರಿಸಿ, ಇದರಿಂದಲೂ ಹೊಸತು ಹುಟ್ಟೀತು ಎನ್ನಲು ಅವರ ಸಂಶೋಧನೆ ಯಾರಿಗೂ ಪರವಾನಗಿ ಕೊಡುವುದಿಲ್ಲ.

"ಬಿಸಿಯಾದರೆ ಮೇಲೆ ಹತ್ತಲಿ" ಎನ್ನುವವರೂ ಸಿಗುತ್ತಾರೆ. ಪ್ರತಿ ಕಿಲೋಮೀಟರ್ ಎತ್ತರಕ್ಕೆ ತಾಪ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಒಂದು ಡಿಗ್ರಿ ತಂಪಿಗೆ ನೂರೈವತ್ತು ಮೀಟರ್ ಹತ್ತಿದರೆ ಸಾಕು. ಬೆಟ್ಟಗಳು ಹಿಂದೆ ಕಾಪಾಡಿದ ಗುಟ್ಟು ಇದೇ. ಆದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರಿಗೆ ಮುಗಿಯುತ್ತದೆ. ಕುದುರೆಮುಖ ಅದಕ್ಕಿಂತ ಗಿಡ್ಡ. ಶೋಲಾ ಕಾಡಿನ ಜೀವಿಗಳು ಈಗಾಗಲೇ ನೆತ್ತಿಯ ಹತ್ತಿರ ಇವೆ. ಕೆಳಗಿನಿಂದ ಹತ್ತಬೇಕಾದವುಗಳ ದಾರಿಯಲ್ಲಿ ಎಸ್ಟೇಟು, ರಸ್ತೆ, ರೆಸಾರ್ಟು, ವಿದ್ಯುತ್ ತಂತಿಯ ಸಾಲು. ಇನ್ನು ಬಯಲುಸೀಮೆಯಲ್ಲಿ ಅದೇ ಒಂದು ಡಿಗ್ರಿಗಾಗಿ ಅಡ್ಡಡ್ಡ ಎಷ್ಟೋ ದೂರ ಹೋಗಬೇಕು. ಕೆಂಗೇರಿಯಿಂದ ಹೊರಟ ಓತಿಕ್ಯಾತ ಯಾವ ವರ್ತುಲ ರಸ್ತೆಯನ್ನು ದಾಟಿ, ಯಾವ ಲೇಔಟಿನ ಕಾಂಪೌಂಡು ಹಾರಿ, ಎಲ್ಲಿಗೆ ಹೋದೀತು? ಆಲ್ಪ್ಸ್ ಪರ್ವತ ಯುರೋಪಿನ ಮರಗಳಿಗೆ ಏನು ಮಾಡಿತೋ ಅದನ್ನು ನಮ್ಮ ಜೀವಿಗಳಿಗೆ ನಾವು ಕಾಂಕ್ರೀಟಿನಲ್ಲಿ ಮಾಡಿಟ್ಟಿದ್ದೇವೆ.

ಎರಡನೆಯ ನಂಬಿಕೆಗೆ ಬರುತ್ತೇನೆ. ಇಲ್ಲಿ ಕಡಿದರೆ ಅಲ್ಲಿ ನೆಡೋಣ ಎಂಬುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿಗಳ ಜೊತೆಜೊತೆಗೇ ಬೆಳೆದು, 2016ರಲ್ಲಿ ಪರಿಹಾರ ಅರಣ್ಯೀಕರಣ ನಿಧಿ ಕಾಯ್ದೆಯಾಗಿ ಗಟ್ಟಿಯಾಯಿತು. ಬೇರೆ ಕೆಲಸಕ್ಕೆ ಹೋದ ಕಾಡಿಗೆ ಹೆಕ್ಟೇರಿನ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. 2008ರಲ್ಲಿ ನಿಗದಿಯಾಗಿದ್ದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಮುಂದೆ ಅದನ್ನು ಏರಿಸಿದರು. ಅಭಯಾರಣ್ಯವಾದರೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನವಾದರೆ ಹತ್ತು ಪಟ್ಟು. ಕಾಡಿನ ಬಗೆ ಯಾವುದು, ಮೇಲಿನ ಹಸಿರು ಚಾವಣಿ ಎಷ್ಟು ದಟ್ಟ ಎಂದು ಈ ಲೆಕ್ಕ ಕೇಳುತ್ತದೆ. ಎಷ್ಟು ಕಾಲದಿಂದ ಆ ಜಾಗ ತನ್ನ ಹವೆಯನ್ನು ಕಾಪಾಡಿಕೊಂಡು ಬಂದಿದೆ ಎಂದು ಕೇಳುವ ಕಾಲಂ ಅದರಲ್ಲಿಲ್ಲ. ಕತ್ತಲೆಕಾನಿನ ಒಂದು ಹೆಕ್ಟೇರಿಗೆ ಬದಲಾಗಿ ಬಯಲುಸೀಮೆಯ ಹೆಕ್ಟೇರಿನಲ್ಲಿ ಸಸಿ ನೆಡುವುದು, ಮಠದ ತಾಳೆಗರಿ ಕಟ್ಟುಗಳನ್ನು ಸುಟ್ಟು ಅಷ್ಟೇ ತೂಕದ ಬಿಳಿ ಹಾಳೆ ತಂದಿಟ್ಟಂತೆ.

ನೆಡುವುದಾದರೂ ಏನನ್ನು? ಮಲೆನಾಡಿನ ಗುಡ್ಡಗಳನ್ನು ದಶಕಗಟ್ಟಲೆ ಅಕೇಶಿಯಾ, ನೀಲಗಿರಿ ಸಾಲುಗಳಿಂದ ಮುಚ್ಚಲಾಯಿತು. ಕಾಗದ ಕಾರ್ಖಾನೆಗೆ ಗುತ್ತಿಗೆ ಕೊಟ್ಟ ಸಾವಿರಾರು ಹೆಕ್ಟೇರು ಮತ್ತೆ ಅದಕ್ಕೇ ಹೋಗಬಾರದೆಂದು ಶಿವಮೊಗ್ಗದ ಜನ 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂದು ಬೀದಿಗಿಳಿಯಬೇಕಾಯಿತು. ಉಪಗ್ರಹದ ಚಿತ್ರದಲ್ಲಿ ಆ ನೆಡುತೋಪು ಹಸಿರಾಗಿಯೇ ಕಾಣುತ್ತದೆ. ಅದರಡಿ ನಿಂತವರಿಗೆ ಗೊತ್ತು, ಒಣ ಎಲೆ ಬಿಟ್ಟರೆ ಬೇರೇನೂ ಇಲ್ಲ.

ನಮ್ಮ ಬಡಾವಣೆಗಳ ಬೀದಿಮರಗಳನ್ನು ನಾನು ಪ್ರೀತಿಸುತ್ತೇನೆ. ವಿಜಯನಗರದ ರಸ್ತೆಗಳಲ್ಲಿ ಏಪ್ರಿಲ್ ಮಧ್ಯಾಹ್ನ ನಡೆಯಲು ಆಗುವುದು ಅವುಗಳಿಂದ. ನೆಡಬೇಕು, ಇನ್ನೂ ನೆಡಬೇಕು. ಆದರೆ ಗುಲ್‌ಮೊಹರ್ ಮಡಗಾಸ್ಕರಿನದು, ತಬೇಬುಯಾ ಮತ್ತು ಜಕರಾಂಡ ಮಧ್ಯ ಮತ್ತು ದಕ್ಷಿಣ ಅಮೆರಿಕದವು. ನೆರಳಿನ ಕೆಲಸ ನೆರಳಿನದು, ವಂಶಗಳನ್ನು ಕಾಯುವ ಕೆಲಸ ಬೇರೆಯದು. ಮೊದಲನೆಯದನ್ನು ಮಾಡಿ ಎರಡನೆಯದರ ರಸೀದಿ ಕೇಳುವುದನ್ನು ನಾನು ವಿರೋಧಿಸುತ್ತಿದ್ದೇನೆ.

ಇನ್ನೊಂದು ಅನ್ಯಾಯವೂ ಇದೇ ನಂಬಿಕೆಯಿಂದ ನಡೆಯುತ್ತದೆ. ಮರವಿಲ್ಲದ ನೆಲವೆಲ್ಲ ಪಾಳು, ಅಲ್ಲಿ ಗಿಡ ನೆಟ್ಟರೆ ಪುಣ್ಯ ಎಂಬ ಭಾವನೆ. ಬೆಂಗಳೂರಿನ ಪಶ್ಚಿಮ ಮತ್ತು ನೈರುತ್ಯಕ್ಕೆ ಮೈಸೂರು ಅರಸರ ಕಾಲದ ಕಾವಲುಗಳು, ಹಾಸುಬಂಡೆಗಳು, ಕುರುಚಲು ಗುಡ್ಡಗಳು ಇದ್ದವು, ಬಿ.ಎಂ. ಕಾವಲಿನಲ್ಲಿ, ತುರಹಳ್ಳಿಯಲ್ಲಿ ಒಂದಿಷ್ಟು ಉಳಿದಿವೆ. ಘಟ್ಟದ ಮಳೆನೆರಳಿನ ಈ ಒಣ ನೆಲಕ್ಕೂ ತನ್ನದೇ ದೀರ್ಘ ಚರಿತ್ರೆಯಿದೆ, ತನ್ನದೇ ಜೀವಿಗಳಿವೆ. ರಾಮನಗರ, ನಂದಿಬೆಟ್ಟದ ಬಂಡೆಗಳ ನಡುವಿನ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2020ರಲ್ಲಿ ಬೆಂಗಳೂರಿನ ಅಂಚಿನ ಬರಡು ನೆಲದಿಂದಲೇ ಬಿಲ ತೋಡುವ ಹೊಸ ಕಪ್ಪೆಯೊಂದನ್ನು ವಿವರಿಸಿ 'ಸ್ಫೆರೋಥೀಕಾ ಬೆಂಗಳೂರು' ಎಂದು ಹೆಸರಿಟ್ಟರು. ಒಣ ತಿಂಗಳೆಲ್ಲ ಮಣ್ಣಿನಡಿ ಕೂತು ಮಳೆಗೆ ಮೇಲೆ ಬರುವ ಕಪ್ಪೆಗೆ ಬೇಕಾದದ್ದು ತೆರೆದ ನೆಲ. ಅಲ್ಲಿ ಸಾಲುಗುಂಡಿ ತೋಡಿ ನೀಲಗಿರಿ ನೆಟ್ಟರೆ ಹಸಿರೀಕರಣದ ಅಂಕಿ ಏರುತ್ತದೆ, ಕಪ್ಪೆ ಹೋಗುತ್ತದೆ. 2021ರ ಆರಂಭದಲ್ಲಿ ತುರಹಳ್ಳಿಯನ್ನು ವೃಕ್ಷೋದ್ಯಾನ ಮಾಡಹೊರಟಾಗ ಸುತ್ತಲಿನ ನಿವಾಸಿಗಳು, ಇರುವುದನ್ನು ಇದ್ದಂತೆ ಬಿಡಿ ಎಂದು ಎದ್ದು ನಿಂತರು. ಯೋಜನೆ ಕೈಬಿಡಲಾಯಿತು. ಆ ನಿವಾಸಿಗಳು ಸರಿಯಾಗಿದ್ದರು. ಅದೇ ವಿವೇಕ ನಾವು ಕಣ್ಣಾರೆ ಕಾಣದ ಕಾಡುಗಳಿಗೂ ಸಲ್ಲಬೇಕು.

ಏಕೆಂದರೆ ಆ ಕಾಡುಗಳ ಋಣದಲ್ಲಿ ನಾವಿದ್ದೇವೆ. ಜೋಗದಲ್ಲಿ 1948ರಲ್ಲಿ ವಿದ್ಯುತ್ ಹುಟ್ಟಿತು. ಸ್ವಾತಂತ್ರ್ಯದ ಹೊಸತರಲ್ಲಿ ರಾಜಾಜಿಯವರ ಹೆಸರಿನಲ್ಲಿ ಎದ್ದ ನಮ್ಮ ಕೈಗಾರಿಕಾ ಬಡಾವಣೆ ನಾಡಿನ ಇತರ ಕೈಗಾರಿಕೆಗಳಂತೆ ಜಲವಿದ್ಯುತ್ತಿನ ಬಲದಲ್ಲೇ ಬೆಳೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ಕಣಿವೆ, ಕಾಡು, ತೋಟ, ಮನೆ ಮುಳುಗಿದವು. ಆ ಮೇಲೂ ಸಾಲಲಿಲ್ಲ. ಈಗ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕದ ಅಭಯಾರಣ್ಯದೊಳಗೆ, ಸುರಂಗ ಕೊರೆದು 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಅದಕ್ಕೆ ತಾತ್ವಿಕ ಒಪ್ಪಿಗೆಯನ್ನೂ ಕೊಟ್ಟಿತು. ಕಡಿಯುವ ಮರಗಳಿಗೆ ಬದಲಿ ನೆಡುತ್ತಾರಂತೆ.

ಯೋಜನೆಯ ಪರವಾಗಿ ಹೇಳುವ ಮಾತು ಹಗುರವಾದದ್ದಲ್ಲ. ಹಗಲಿನ ಸೌರ ವಿದ್ಯುತ್ತನ್ನು ಸಂಜೆಗೆ ಹಿಡಿದಿಡಬೇಕು, ಕಲ್ಲಿದ್ದಲು ಬಿಡಬೇಕಾದರೆ ಇಂಥ ವ್ಯವಸ್ಥೆ ಬೇಕು, ಇದು ಹವಾಗುಣದ ಹಿತಕ್ಕೇ ಎನ್ನುತ್ತಾರೆ. ವಿದ್ಯುತ್ ಹಿಡಿದಿಡುವ ವ್ಯವಸ್ಥೆ ಬೇಕೆಂಬುದನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಬ್ಯಾಟರಿಗಳಿವೆ, ಹಳೆಯ ಕಾಡಿಲ್ಲದ ಎತ್ತರ ತಗ್ಗುಗಳಿವೆ, ಪಾವಗಡದಂಥ ಸೌರ ಪಾರ್ಕುಗಳ ಪಕ್ಕದ ನೆಲವಿದೆ, ಬಸವೇಶ್ವರನಗರದಿಂದ ಕೆಂಗೇರಿಯವರೆಗೆ ಬಿಸಿಲಿಗೆ ಸುಮ್ಮನೆ ಕಾಯುತ್ತಿರುವ ಸಾವಿರಾರು ತಾರಸಿಗಳಿವೆ. ವಿದ್ಯುತ್ತಿಗೆ ಜಾಗಗಳ ಆಯ್ಕೆಯಿದೆ. ರಾಮಪತ್ರೆ ಜಡ್ಡಿಗೆ ಆಯ್ಕೆಯಿಲ್ಲ. ಹವಾಗುಣ ಕೆಡದಂತೆ ತಡೆಯುವ ಹೆಸರಿನಲ್ಲಿ, ಹವಾಗುಣ ಕೆಟ್ಟಾಗ ಜೀವಿಗಳಿಗೆ ಆಸರೆಯಾಗಬೇಕಾದ ತಾಣವನ್ನೇ ಅಗೆಯುವುದು ಯಾವ ಲೆಕ್ಕದಲ್ಲೂ ಕೂಡಿಬರುವುದಿಲ್ಲ.

ಮಾಹಿತಿಯ ಕೊರತೆ ಎಂದೂ ಹೇಳುವಂತಿಲ್ಲ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲೇ ಇಡೀ ಪಶ್ಚಿಮ ಘಟ್ಟವನ್ನು ಸುಮಾರು ಒಂಬತ್ತು ಕಿಲೋಮೀಟರ್ ಚೌಕಗಳಾಗಿ ಹೆಣೆದು, ಪ್ರತಿ ಚೌಕದ ಮಹತ್ವಕ್ಕೆ ಅಂಕ ಕೊಟ್ಟು ನಕ್ಷೆ ಮಾಡಿತು. ಅದನ್ನು ಬದಿಗಿಟ್ಟರು. 2013ರಲ್ಲಿ ಕಸ್ತೂರಿರಂಗನ್ ವರದಿ ಅದನ್ನು ತೆಳುಮಾಡಿ ತಂದಿತು. 2024ರಲ್ಲಿ ಕರ್ನಾಟಕದ ಸಂಪುಟ ಅದನ್ನೂ ತಿರಸ್ಕರಿಸಿತು. ಹಳ್ಳಿಗರ ಭಯಗಳಿಗೆ ಕಾರಣಗಳಿದ್ದವು, ಅವರೊಡನೆ ಕೂತು ಮಾತಾಡುವ ಕೆಲಸವನ್ನು ಯಾವ ಸರ್ಕಾರವೂ ಮಾಡಲಿಲ್ಲ. ಆದರೆ ಪಕ್ಷ ಯಾವುದೇ ಇರಲಿ, ನಕ್ಷೆಯನ್ನು ಮಡಚಿಡುವಾಗ ನಾಲಿಗೆಯ ಮೇಲಿದ್ದದ್ದು ಅದೇ ಮಾತು: ಕಾಡು ಎಲ್ಲಿ ಹೋಗುತ್ತದೆ, ಬೇಕಾದರೆ ಇನ್ನಷ್ಟು ನೆಡೋಣ.

ಕಾಡು ಪರಭಾರೆಯ ಪ್ರತಿ ಅರ್ಜಿಯಲ್ಲೂ ಆ ನೆಲದ ಹವಾಗುಣದ ವಯಸ್ಸನ್ನು ಬರೆಯುವುದು ಕಡ್ಡಾಯವಾಗಬೇಕು. ಜಾಗತಿಕ ಚೌಕಗಳಿಗೆ ಸಿಗದ ಕಾನು, ಜಡ್ಡಿ, ಶೋಲಾ, ದೇವರಕಾಡು, ಹಾಸುಬಂಡೆಗಳ ನಕ್ಷೆಯನ್ನು ರಾಜ್ಯವೇ ತಾಲ್ಲೂಕುವಾರು ಮಾಡಬೇಕು. ಅದಕ್ಕೆ ಬೇಕಾದ ವಿಜ್ಞಾನಿಗಳು ಇದೇ ಊರಿನಲ್ಲಿದ್ದಾರೆ. ಅಂಥ ತಾಣಗಳಿಗೆ ಪರಿಹಾರ ಅರಣ್ಯೀಕರಣ ಎಂಬ ದಾರಿಯನ್ನೇ ಮುಚ್ಚಬೇಕು, ಏಕೆಂದರೆ ಅಲ್ಲಿ ಪರಿಹಾರ ಸಾಧ್ಯವಿಲ್ಲ. ಮುಂದಿನ ಜೂನ್ 5ಕ್ಕೆ ನಿಮ್ಮ ಬಡಾವಣೆಯ ಸಂಘ ಸಸಿ ಹಂಚಲಿ, ನಾನೂ ಬಂದು ಗುಂಡಿ ತೋಡುತ್ತೇನೆ. ಅದೇ ಮೇಜಿನ ಮೇಲೆ ಒಂದು ಮನವಿ ಪತ್ರವೂ ಇರಲಿ. ಶರಾವತಿ ಕಣಿವೆಯಲ್ಲಿ ಇನ್ನೊಂದು ಸುರಂಗ ಬೇಡ, ಆ ವಿದ್ಯುತ್ತನ್ನು ಬೇರೆ ಕಡೆಯಿಂದ ತರುವ ಖರ್ಚಿನಲ್ಲಿ ನಮ್ಮ ಪಾಲು ಕೊಡಲು ಸಿದ್ಧರಿದ್ದೇವೆ ಎಂದು ಅದರಲ್ಲಿ ಬರೆದಿರಲಿ. ಸಾಗರ, ಹೊನ್ನಾವರದವರು ಈ ಮಾತನ್ನು ಹೇಳಿ ಹೇಳಿ ದಣಿದಿದ್ದಾರೆ. ಆ ವಿದ್ಯುತ್ತನ್ನು ಬಳಸುವ ನಾವು ರಾಜಾಜಿನಗರ, ವಿಜಯನಗರ, ಕೆಂಗೇರಿಯಿಂದ ಸಹಿ ಹಾಕಿ ಕಳಿಸಬೇಕು.